ಹನ್ನೊಂದು ಟಿಕೆಟ್ಟಿನ ಹಾಲ್ಟ್

ಆರೂ ಮೂವತ್ತೆಂಟಕ್ಕೆ ಬರುತ್ತಿದ್ದ ಗಾಡಿಯನ್ನು ಏಳೂ ಹದಿನೈದಕ್ಕೆ ಹಾಕಿದರು. ನಮ್ಮನ್ನು ಕೇಳಲಿಲ್ಲ. ಕೇಳುತ್ತಾರೆ ಅಂತ ನಾವೂ ಅಂದುಕೊಂಡಿರಲಿಲ್ಲ.

ನಾವಿರುವುದು ಮಾವಿನಕುಂಟೆಯಲ್ಲಿ. ಶೀಟಿನ ರೂಮುಗಳು, ಸಾಲಿಗೊಂದು ನಲ್ಲಿ. ಕೆಲಸ ಇರುವುದು ಬೆಂಗಳೂರಿನ ಹೂಡಿ ಕಡೆ, ನೇರಳೆಗೇಟ್ ಹಾಲ್ಟಿನ ಪಕ್ಕದ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ. ಹೂಡಿಯಲ್ಲಿ ಬಾಡಿಗೆ ರೂಮು ಸಿಗುವುದಿಲ್ಲ ಅಂತಲ್ಲ. ನಮಗೆ ಸಿಗುವುದಿಲ್ಲ. ಅದಕ್ಕೇ ದಿನಾ ಆರೂ ಐದಕ್ಕೆ ಮಾವಿನಕುಂಟೆಯಲ್ಲಿ ಪ್ಯಾಸೆಂಜರ್ ಹತ್ತುತ್ತಿದ್ದೆವು. ಆರೂ ಮೂವತ್ತೆಂಟಕ್ಕೆ ನೇರಳೆಗೇಟಿನಲ್ಲಿ ಇಳಿಯುತ್ತಿದ್ದೆವು. ಹಳಿ ದಾಟಿ, ರೈಲ್ವೆ ಗೇಟ್ ದಾಟಿ, ಏಳಕ್ಕೆ ಮೊದಲು ಹಾಜರಿಯ ಮೆಷಿನ್ನಿಗೆ ಹೆಬ್ಬೆಟ್ಟು ಒತ್ತುತ್ತಿದ್ದೆವು.

ನಾನು ಮಹಾದೇವಿ. ಕೊಟ್ಟೂರಿನ ಹತ್ತಿರದ ಹಳ್ಳಿಯವಳು. ಹತ್ತನೇ ಕ್ಲಾಸು ಗಣಿತದಲ್ಲಿ ಹೋಯಿತು. ಗಂಡ ಕೊಟ್ರಪ್ಪ ಸೆಂಟ್ರಿಂಗ್ ಕೆಲಸದವನು. ಕಟ್ಟಡ ಎಲ್ಲಿ ಏಳುತ್ತದೋ ಅಲ್ಲಿ ಮಲಗುತ್ತಾನೆ. ನಮ್ಮ ಪಕ್ಕದ ರೂಮಿನವಳು ಚನ್ನಕ್ಕ. ನಮ್ಮ ಕಡೆಯವಳೇ. ವಯಸ್ಸು ಐವತ್ತೆರಡು. ಮುಂದಿನ ಎರಡು ಹಲ್ಲಿಲ್ಲ. ಆದರೆ ಮಾತಿಗೆ ಹಲ್ಲು ಬೇಕಿಲ್ಲ ಅನ್ನುವುದನ್ನು ಇಡೀ ಬೋಗಿಗೆ ತೋರಿಸಿಕೊಟ್ಟವಳು. ಅವಳು ಹತ್ತಿದ ಬೋಗಿಯಲ್ಲಿ ಯಾರಿಗೂ ನಿದ್ದೆ ಬರುತ್ತಿರಲಿಲ್ಲ.

ಹಾಲ್ಟಿನ ಗೋಡೆಗೆ ಅಂಟಿಸಿದ್ದ ಕಾಗದವನ್ನು ನಾನು ಓದಿದೆ. ‘ಕಾರ್ಯಾಚರಣೆಯ ಹಿತದೃಷ್ಟಿಯಿಂದ ಸಮಯವನ್ನು ಪರಿಷ್ಕರಿಸಲಾಗಿದೆ.’

“ಹಂಗಂದ್ರೇನ?” ಅಂದಳು ಚನ್ನಕ್ಕ.

“ಟೈಮು ಸರಿ ಮಾಡ್ಯಾರಂತ.”

“ಏನು ಕೆಟ್ಟಿತ್ತು?”

ನಾನು ಮತ್ತೊಂದು ಸಲ ಓದಿದೆ. ಕಾಗದದಲ್ಲಿ ಅದು ಇರಲಿಲ್ಲ.

ಏಳೂ ಹದಿನೈದಕ್ಕೆ ಇಳಿದರೆ ಅಪಾರ್ಟ್‌ಮೆಂಟ್ ಮುಟ್ಟುವಾಗ ಏಳೂವರೆ. ಅರ್ಧ ಗಂಟೆ ಲೇಟು. ನಮ್ಮನ್ನು ಕೆಲಸಕ್ಕೆ ಇಟ್ಟಿದ್ದು ಒಂದು ಏಜೆನ್ಸಿ. ಅದರ ಸೂಪರ್‌ವೈಸರ್ ಗುರುರಾಜ್ ಬೆಂಗಳೂರಿನವನೇ, ಮೂವತ್ತರ ಹುಡುಗ. ಕೆಟ್ಟವನಲ್ಲ. ಅವನ ಮೇಲೆ ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ ಇದ್ದ. ಎಲ್ಲರ ಭಾರವೂ ಇಳಿದು ಕೊನೆಗೆ ನಮ್ಮ ತಲೆಗೆ ಬರುತ್ತಿತ್ತು.

“ರೈಲು ಲೇಟಾದ್ರೆ ನಾನೇನು ಮಾಡ್ಲಿ ಕಣಮ್ಮ? ಮುಂಚೆ ಹೊರಡಿ.”

“ರೈಲನ್ನ ಮುಂಚೆ ಹೊರಡಸ್ರಿ ಸಾರ್, ನಾವು ಅದರೊಳಗ ಇರ್ತೀವಿ,” ಅಂದಳು ಚನ್ನಕ್ಕ.

ಗುರುರಾಜ್ ನಗಲಿಲ್ಲ. ಲೇಟಾದವರೆಲ್ಲ ಕಾಂಪೌಂಡಿನ ಹೊರಗೆ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಲ್ಲಬೇಕು ಅಂದ. ಮೊಬೈಲಿನಲ್ಲಿ ಫೋಟೋ ತೆಗೆದ. ಟೈಮು ಕಾಣುವ ಹಾಗೆ ತೆಗೆದು ಏಜೆನ್ಸಿಯ ಗ್ರೂಪಿಗೆ ಹಾಕಿದ. ಮಾರನೇ ದಿನವೂ ಹಾಕಿದ. ಮೂರು ಫೋಟೋಕ್ಕೆ ಒಂದು ಆಬ್ಸೆಂಟು.

ಹದಿನೆಂಟು ಹೆಂಗಸರು. ಗೋಡೆ. ನಾಯಿ ತಿರುಗಾಡಿಸುವವರು ನಮ್ಮ ಮುಂದೆಯೇ ಹೋಗುತ್ತಿದ್ದರು. ನಾಯಿ ನಮ್ಮನ್ನು ಮೂಸುತ್ತಿತ್ತು. ಅವರು ನೋಡುತ್ತಿರಲಿಲ್ಲ.

ಚನ್ನಕ್ಕ ಒಬ್ಬಳೇ ಸೆರಗು ಸರಿ ಮಾಡಿಕೊಂಡು ನಿಲ್ಲುತ್ತಿದ್ದಳು. “ಈ ಕಡಿಂದ ತೆಗೀರಿ ಸಾರ್. ಆ ಕಡಿಂದ ತೆಗದ್ರ ಹಲ್ಲು ಇಲ್ಲದ್ದು ಕಾಣತೈತಿ. ನಮ್ಮ ಅಳಿಯನಿಗೂ ಒಂದು ಕಳಸ್ರಿ, ಅತ್ತಿ ಬೆಂಗಳೂರಾಗ ಫೋಟೋ ತೆಗಸ್ಕೊಂತಾಳ ಅಂತ ತಿಳೀಲಿ.”

ನಾವು ನಗುತ್ತಿದ್ದೆವು. ಒಳಗೆ ಹೋದ ಮೇಲೆ ನಗು ಬರುತ್ತಿರಲಿಲ್ಲ. ನನ್ನ ಪಾಲಿಗೆ ಏಳು ಮಹಡಿಯ ಮೆಟ್ಟಿಲು ಮತ್ತು ಕ್ಲಬ್ ಹೌಸ್. ಮನೆ ಮನೆಯ ಬಾಗಿಲಿನಿಂದ ಕಸದ ಡಬ್ಬಿ ಎತ್ತಬೇಕು. ಹಸಿ ಕಸ, ಒಣ ಕಸ, ಮಕ್ಕಳ ಡೈಪರ್ ಬೇರೆ. ಆಮೇಲೆ ಮಾಪು. ಬ್ಲೀಚಿಂಗ್ ಪೌಡರಿಗೆ ಹೆಬ್ಬೆಟ್ಟಿನ ಗೆರೆಗಳು ಸವೆದು ಹೋಗಿದ್ದವು. ಬೆಳಿಗ್ಗೆ ಮೆಷಿನ್ನು ನಾಲ್ಕು ಸಲ ‘ಮತ್ತೆ ಪ್ರಯತ್ನಿಸಿ’ ಅನ್ನುತ್ತಿತ್ತು. ಕಳೆದುಹೋದ ಅರ್ಧ ಗಂಟೆ ಮಧ್ಯಾಹ್ನದ ಊಟದಲ್ಲಿ ಹೋಗುತ್ತಿತ್ತು. ಬೇಸ್‌ಮೆಂಟಿನಲ್ಲಿ ನಿಂತುಕೊಂಡೇ ಚಿತ್ರಾನ್ನ ತಿನ್ನುತ್ತಿದ್ದೆವು.

ನಮ್ಮ ಗಾಡಿಗಿಂತ ಮುಂಚೆ ಇನ್ನೊಂದು ಗಾಡಿ ಇತ್ತು. ನಾಲ್ಕೂ ಐವತ್ತರದು. ಒಂದು ವಾರ ಅದರಲ್ಲಿ ಬಂದೆವು. ಮೂರಕ್ಕೆ ಎದ್ದು ರೊಟ್ಟಿ ತಟ್ಟಿದೆವು. ಮಲಗಿದ್ದ ಮಕ್ಕಳಿಗೆ ಹೇಳದೆ ಬಂದೆವು. ಐದೂ ಇಪ್ಪತ್ತೈದಕ್ಕೆ ನೇರಳೆಗೇಟ್. ಅಪಾರ್ಟ್‌ಮೆಂಟಿನವರು ಆರೂ ಮುಕ್ಕಾಲಿಗೆ ಮುಂಚೆ ನಮ್ಮನ್ನು ಒಳಗೆ ಬಿಡುವುದಿಲ್ಲ. ಫುಟ್‌ಪಾತಿನ ಕಲ್ಲಿನ ಮೇಲೆ ಕೂತೆವು. ಮೂರನೇ ದಿನ ಓಡಲು ಬರುವವರು ದೂರು ಕೊಟ್ಟರು. ಅಪರಿಚಿತ ಹೆಂಗಸರು ಗುಂಪಾಗಿ ಕೂತಿರುತ್ತಾರಂತೆ. ನಾಲ್ಕು ವರ್ಷದಿಂದ ಅವರ ಕಸ ಎತ್ತುತ್ತಿದ್ದವರು ನಾವು.

ಅಲ್ಲಿಂದ ಎದ್ದೆವು. ಹಳಿಯ ಪಕ್ಕ ಹೋದೆವು. ಎರಡಕ್ಕೆ ಹೋಗಬೇಕೆಂದರೆ ಅಲ್ಲಿ ಜಾಗವಿಲ್ಲ. ಇಬ್ಬರು ಸೀರೆ ಅಡ್ಡ ಹಿಡಿದರು, ಒಬ್ಬಳು ಕೂತಳು. ಎದುರಿನ ಗೋಡೌನಿನ ವಾಚ್‌ಮನ್ ಟಾರ್ಚ್ ಹಾಕಿ ವಿಷಲ್ ಊದಿದ. ಅವತ್ತು ಚನ್ನಕ್ಕ ಏನೂ ತಮಾಷೆ ಮಾಡಲಿಲ್ಲ. ವಾಪಸ್ ಬರುವಾಗ ಇಷ್ಟೇ ಅಂದಳು: “ನಾಳಿಂದ ಏಳೂ ಹದಿನೈದಕ್ಕ ಬರೂನು. ಫೋಟೋ ವಾಸಿ.”

ಶನಿವಾರ ಗುರುರಾಜ್ ನಮ್ಮನ್ನೆಲ್ಲ ಸೇರಿಸಿದ. “ನಾಳೆ ಕ್ಲಬ್ ಹೌಸಲ್ಲಿ ಫಂಕ್ಷನ್ ಇದೆ. ರೈಲ್ವೆ ಸಾಹೇಬ್ರು ಬರ್ತಾರೆ. ಎಂಬತ್ತು ಕುರ್ಚಿ ಹಾಕ್ಬೇಕು. ಮಹಾದೇವಿ, ಚನ್ನಕ್ಕ, ನೀವಿಬ್ರು ಟೀ ನೋಡ್ಕೊಳ್ಳಿ. ಒಗೆದ ಯೂನಿಫಾರ್ಮ್ ಹಾಕ್ಕೊಂಡ್ ಬನ್ನಿ.”

ರೈಲ್ವೆ ಸಾಹೇಬರು! ಸಂಜೆ ಗಾಡಿಯಲ್ಲಿ ಚನ್ನಕ್ಕನದೇ ಮಾತು. ಎದ್ದು ನಿಂತು, ಮೇಲಿನ ರಾಡು ಹಿಡಿದುಕೊಂಡು, ಬೋಗಿಯ ಹೆಂಗಸರನ್ನೇ ಸಾಹೇಬರನ್ನಾಗಿ ಮಾಡಿಕೊಂಡಳು.

“ಸಾಹೇಬ್ರ, ಅಂತೀನಿ. ಟೀ ತಗೋರಿ, ಅಂತೀನಿ. ಸಕ್ಕರಿ ಸರಿ ಐತೇನ್ರಿ, ಅಂತೀನಿ. ಅವ್ರು ಹೂಂ ಅಂತಾರ. ಹಂಗಾರ ನಮ್ಮ ಗಾಡಿ ಟೈಮು ಯಾಕ ಕಹಿ ಮಾಡಿದ್ರಿ, ಅಂತೀನಿ!”

ಬೋಗಿಯೇ ಹೋ ಅಂತ ನಕ್ಕಿತು. ಕಡಲೆಕಾಯಿ ಮಾರುವವನು ಅವಳಿಗೆ ಒಂದು ಮುಷ್ಟಿ ಸುಮ್ಮನೆ ಕೊಟ್ಟ.

ಭಾನುವಾರ ಹನ್ನೊಂದಕ್ಕೆ ಜನ ಬಂದರು. ಎಂಬತ್ತು ಕುರ್ಚಿಗೆ ಅರವತ್ತು ಜನ. ಮುಂದಿನ ಸಾಲಿನಲ್ಲಿ ಐದು ದೊಡ್ಡ ಕುರ್ಚಿ. ಒಂದರ ಮೇಲೆ ‘ಪ್ರಯಾಣಿಕರ ಪ್ರತಿನಿಧಿ’ ಅಂತ ಕಾಗದ ಅಂಟಿಸಿದ್ದರು. ಪ್ರತಿನಿಧಿ ವಿನಾಯಕ್ ಅನ್ನುವವರು ಕಾರಿನಲ್ಲಿ ಬರುತ್ತಿದ್ದರು. ಮಹದೇವಪುರದ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಶುರು ಮಾಡಿ ಅಂತ ಫೋನು ಬಂತು.

ಅಸೋಸಿಯೇಷನ್ ಕಾರ್ಯದರ್ಶಿ ಶೈಲಜಾ ಮೇಡಂ ಮೈಕು ಹಿಡಿದರು. ದಾವಣಗೆರೆಯವರು. ಒಂಬತ್ತನೇ ಮಹಡಿ. ನನ್ನ ಮಾತು ಕೇಳಿ ‘ನಮ್ಮ ಕಡೇರು’ ಅಂತ ಗುರುತು ಹಿಡಿದವರು ಅವರೊಬ್ಬರೇ. ದಿನಾ ಕಂಡಾಗ “ಊಟ ಆತಾ ಮಹಾದೇವಿ?” ಅನ್ನುವವರು. ಬಸವ ಜಯಂತಿಗೆ ಹೋಳಿಗೆ ಕೊಟ್ಟವರು. ಅವತ್ತು ಶಾಲು, ಪೇಟ, ಹಣ್ಣಿನ ಬುಟ್ಟಿ ಇದ್ದ ತಟ್ಟೆಯನ್ನು ಹಿಡಿದು ತಮ್ಮ ಪಕ್ಕ ನಿಲ್ಲಲು ನನ್ನನ್ನೇ ಕರೆದರು.

“ಬೆಳಿಗ್ಗೆ ಸ್ಕೂಲ್ ಬಸ್ಸು ಹೊರಡೋ ಹೊತ್ತಿಗೇ ಆ ಪ್ಯಾಸೆಂಜರ್ ಬಂದು ಗೇಟ್ ಹಾಕಿಸ್ತಿತ್ತು. ನಮ್ಮ ಮಕ್ಕಳು ಏಳೆಂಟು ನಿಮಿಷ ಗೇಟಲ್ಲಿ ಕಾಯಬೇಕಿತ್ತು. ನಾವು ಒಂದೇ ಒಂದು ಅರ್ಜಿ ಕೊಟ್ವಿ. ಸಾಹೇಬರು ತಕ್ಷಣ ಸ್ಪಂದಿಸಿ ಆ ಗಾಡಿ ಟೈಮನ್ನೇ ಮುಂದಕ್ಕೆ ಹಾಕಿಸಿದರು. ಅವರಿಗೆ ನಮ್ಮ ಪುಟ್ಟ ಸನ್ಮಾನ.”

ಚಪ್ಪಾಳೆ ಬಿತ್ತು. ಪೇಟ ನನ್ನ ತಟ್ಟೆಯಲ್ಲಿತ್ತು. ಮೇಡಂ ಎತ್ತಿಕೊಂಡರು. ಸಾಹೇಬರ ತಲೆಗೆ ಇಟ್ಟರು. ಅದು ಸ್ವಲ್ಪ ದೊಡ್ಡದಾಗಿ ಹುಬ್ಬಿನ ಮೇಲೆ ಕೂತಿತು.

ನಾನು ಖಾಲಿ ತಟ್ಟೆ ಹಿಡಿದು ನಿಂತೇ ಇದ್ದೆ. ಏಳೆಂಟು ನಿಮಿಷ. ಅವರ ಮಕ್ಕಳು ಎಸಿ ಬಸ್ಸಿನಲ್ಲಿ ಕೂತು ಕಾದ ಏಳೆಂಟು ನಿಮಿಷಕ್ಕೆ ನಾವು ಗೋಡೆಗೆ ನಿಂತಿದ್ದೆವು. ಹಳಿ ಪಕ್ಕ ಕೂತಿದ್ದೆವು.

ಸಾಹೇಬರ ಹೆಸರು ವೆಂಕಟಪ್ಪ. ಮೆತ್ತಗೆ ಮಾತಾಡುವ ಮನುಷ್ಯ. ಪೇಟ ಹಿಂದಕ್ಕೆ ತಳ್ಳಿಕೊಂಡು ಇನ್ನೊಂದು ಸಂತೋಷದ ಸುದ್ದಿ ಅಂದರು. “ನೇರಳೆಗೇಟ್ ಹಾಲ್ಟಿನಲ್ಲಿ ಈ ಬೆಳಗಿನ ಗಾಡಿಗೆ ಸಂಬಂಧಪಟ್ಟ ಹಾಗೆ ದಿನಕ್ಕೆ ಸರಾಸರಿ ಹನ್ನೊಂದು ಟಿಕೆಟ್ ಲೆಕ್ಕ ಸಿಗ್ತಿದೆ. ಹನ್ನೊಂದು ಜನಕ್ಕೋಸ್ಕರ ಗಾಡಿ ನಿಲ್ಲಿಸೋದು ಸರಿಯಲ್ಲ. ಮುಂದಿನ ವೇಳಾಪಟ್ಟಿಯಲ್ಲಿ ಈ ನಿಲುಗಡೆಯನ್ನೇ ತೆಗೆಯೋ ಪ್ರಸ್ತಾವ ಇದೆ. ಆಗ ಗೇಟ್ ಹಾಕೋ ಹೊತ್ತೂ ಕಡಿಮೆಯಾಗುತ್ತೆ.”

ಮತ್ತೆ ಚಪ್ಪಾಳೆ.

ನಾನು ಚನ್ನಕ್ಕನನ್ನು ನೋಡಿದೆ. ಅವಳು ಟೀ ಟ್ರೇ ಹಿಡಿದು ಸಾಹೇಬರ ಎದುರಿಗೇ ಇದ್ದಳು. ಈಗ ಅಂತಾಳೆ, ಈಗ ಅಂತಾಳೆ ಅಂತ ಕಾದೆ. ಅವಳ ತುಟಿ ಅಲ್ಲಾಡಿತು. “ಟೀ ತಗೋರಿ,” ಅಂದಳು. ಸಾಹೇಬರು ತಗೊಂಡರು. ಅವಳು ಪಕ್ಕದವರ ಮುಂದೆ ಹೋದಳು. “ಟೀ ತಗೋರಿ.” ಮುಂದಿನವರಿಗೆ ಹೋದಳು.

ನಾನು ಮಾಡಿದ್ದನ್ನು ಧೈರ್ಯ ಅಂತ ಯಾರೂ ತಿಳಿಯಬೇಡಿ. ಬೆಳಿಗ್ಗೆಯಿಂದ ಕೂತಿರಲಿಲ್ಲ. ಬೀಳುವುದಕ್ಕಿಂತ ಕೂರುವುದು ಮೇಲು ಅಂತ ಹತ್ತಿರವಿದ್ದ ಕುರ್ಚಿಯಲ್ಲಿ ಕೂತೆ. ಅದು ಆ ಕಾಗದ ಅಂಟಿಸಿದ ಕುರ್ಚಿ. ಬೆಳಿಗ್ಗೆ ನಾನೇ ಒರೆಸಿದ್ದೆ. ಮೆತ್ತಗಿತ್ತು. ಕೂತ ಮೇಲೆ ಏಳುವುದು ಬೇಡ ಅನ್ನಿಸಿತು. ಅದೊಂದನ್ನು ಮಾತ್ರ ನಾನು ಬೇಕಂತಲೇ ಮಾಡಿದ್ದು.

ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಒಂದು ಸಾಲು ನನ್ನ ಕಡೆ ನೋಡಿತು. ಅದರ ಹಿಂದಿನದೂ ನೋಡಿತು. ಗುರುರಾಜ್ ಬಾಗಿಲ ಹತ್ತಿರದಿಂದ ಬಗ್ಗಿಕೊಂಡು ಓಡಿ ಬಂದ.

“ಏನಮ್ಮ ಇದು? ಏಳು, ಏಳು.”

“ಏಳಲ್ಲ ಸಾರ್.”

“ತಲೆ ಸುತ್ತು ಬಂತಾ? ಹೊರಗೆ ಹೋಗಿ ನೀರು ಕುಡಿ.”

“ತಲಿ ಸರಿ ಐತಿ. ನಾನು ಇವರ ಕೂಡ ಮಾತಾಡಬೇಕು.”

ವೆಂಕಟಪ್ಪ ಸಾಹೇಬರು ಕಪ್ಪು ಕೆಳಗಿಟ್ಟರು. “ಯಾರಮ್ಮ ನೀವು?”

“ಆ ಗಾಡಿಗೆ ಬರಾಕಿ ರೀ.”

“ಯಾವ ಗಾಡಿಗೆ?”

“ನೀವು ಈಗ ಇಲ್ಲಿ ನಿಲ್ಲಸಂಗಿಲ್ಲ ಅಂದ್ರಲ್ಲ, ಆ ಗಾಡಿಗೆ. ನಾನೂ ಬರ್ತೀನಿ. ನಿಮಗ ಟೀ ಕೊಟ್ಟಳಲ್ಲ, ಆಕಿನೂ ಬರ್ತಾಳ. ಈ ಕುರ್ಚಿ ಹಾಕಿದೋರು, ಈ ನೆಲ ಒರಸಿದೋರು, ಕೆಳಗ ಕಸ ಎತ್ತಾಕ್ಹತ್ತಿದೋರು, ಎಲ್ಲಾ ಅದರಾಗ ಬರ್ತೀವಿ. ನಾವು ಹನ್ನೊಂದು ಮಂದಿ ಅಲ್ರಿ.”

“ನೋಡಮ್ಮ, ಟಿಕೆಟ್ ಲೆಕ್ಕ...”

ನನ್ನ ಪಾಸು ಸೊಂಟದ ಚೀಲದಲ್ಲಿತ್ತು. ಬೆವರಿಗೆ ನೆನೆಯದ ಹಾಗೆ ಹಾಲಿನ ಪ್ಯಾಕೆಟ್ಟಿನ ಕವರಿನಲ್ಲಿ ಸುತ್ತಿಟ್ಟಿದ್ದೆ. ಬಿಚ್ಚಿ ಅವರ ಮುಂದೆ ಇಟ್ಟೆ.

“ಇದು ತಿಂಗಳ ಪಾಸು. ದೊಡ್ಡ ಸ್ಟೇಷನ್ನಿನಾಗ ಮಾಡಸ್ತೀವಿ. ಹಾಲ್ಟಿನಾಗ ಕಿಟಕಿ ಮುಂದ ನಿಲ್ಲಂಗಿಲ್ಲ. ನೀವು ಎಣಿಸಿದ್ದು ಪಾಸು ಇಲ್ಲದೋರನ್ನ. ದಿನಾ ಬರೋರನ್ನ ಎಣಿಸೇ ಇಲ್ಲ.”

ಅವರು ಪಾಸು ತಿರುಗಿಸಿ ನೋಡಿದರು. ಮಾತಾಡಿದವರು ಹಿಂದಿನ ಸಾಲಿನ ಒಬ್ಬರು. “ಆದ್ರೂ ಮಕ್ಕಳ ಸ್ಕೂಲು ಮುಖ್ಯ ಅಲ್ವೇನಮ್ಮ?”

“ನಮಗೂ ಮಕ್ಕಳು ಅದಾವ್ರಿ. ನಿಮ್ಮ ಮಕ್ಕಳು ಏಳು ನಿಮಿಷ ಕಾಯಬಾರ್ದು ಅಂತ ನಾವು ದಿನಾ ಹೊರಗ ಗೋಡಿಗೆ ನಿಂದರತೀವಿ. ನಿಮ್ಮ ಕಾಂಪೌಂಡ್ ಗೋಡಿಗೇ. ನೀವು ನೋಡೀರಿ.”

ಆಗ ಮೂರನೇ ಸಾಲಿನಲ್ಲಿ ಒಬ್ಬ ಹೆಂಗಸು ಪಕ್ಕದವಳಿಗೆ ಜೋರಾಗಿಯೇ ಕೇಳಿದಳು. “ಅಂದ್ರೆ ನಮ್ಮ ಮನೆ ವನಜಾ ಎಂಟಕ್ಕೆ ಬರ್ತಿರೋದು ಇದಕ್ಕೇನಾ? ನಾನು ಸೋಮಾರಿ ಅಂತ ಬೈದು ಬೈದು ಸಾಕಾಗಿದ್ದೀನಿ!”

“ನಮ್ಮ ಮನೆ ಅಡುಗೆಯವಳೂ ಅಷ್ಟೇ.”

“ನಮ್ಮಲ್ಲೂ. ತಿಂಡಿ ಇಲ್ಲದೆ ಆಫೀಸಿಗೆ ಹೋಗ್ತಿದ್ದೀನಿ ಕಣ್ರೀ ಒಂದು ತಿಂಗಳಿಂದ.”

ಅರವತ್ತು ಜನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಮನೆಯ ದೋಸೆ ಯಾವ ಗಾಡಿಯಲ್ಲಿ ಬರುತ್ತಿತ್ತು ಅನ್ನುವುದು ಅವರಿಗೆ ಅವತ್ತು ಗೊತ್ತಾಯಿತು. ಯಾರೋ ಕಿಸಕ್ಕನೆ ನಕ್ಕರು. ಪೇಟದ ಕೆಳಗಿನ ಸಾಹೇಬರಿಗೂ ನಗು ಬಂತು. ತಡೆದುಕೊಂಡರು.

ಶೈಲಜಾ ಮೇಡಂ ನಗಲಿಲ್ಲ. ಮೈಕು ಕೆಳಗಿಟ್ಟು ನನ್ನ ಹತ್ತಿರ ಬಗ್ಗಿದರು. “ಮಹಾದೇವಿ, ನಂಗೆ ಒಂದು ಮಾತು ಹೇಳಬಾರದಿತ್ತೇನವ್ವಾ? ದಿನಾ ಮಾತಾಡಸ್ತಿದ್ನಲ್ಲ.”

“ಊಟ ಆತಾ ಅಂತ ಕೇಳ್ತಿದ್ರಿ ಮೇಡಂ. ಆಗೇತಿ ಅಂತಿದ್ದೆ. ಅದರ ಮುಂದ ನೀವೂ ಕೇಳಲಿಲ್ಲ.”

ಅವರ ಮುಖ ಕೆಂಪಾಯಿತು. ಅಂದಿದ್ದಕ್ಕೆ ನನಗೆ ಬೇಜಾರಾಯಿತು. ಆದರೆ ವಾಪಸ್ ತಗೊಳ್ಳಲಿಲ್ಲ.

ಸಾಹೇಬರು ಪಾಸು ವಾಪಸ್ ಕೊಟ್ಟರು. “ಆಫೀಸಿಗೆ ಬಂದು ಲಿಖಿತವಾಗಿ ಅರ್ಜಿ ಕೊಡಿ.”

“ಆಫೀಸು ತೆಗೆಯೋ ಹೊತ್ತಿನಾಗ ನಾವು ಇಲ್ಲಿ ಕಸ ಎತ್ತುತಿರ್ತೀವಿ. ನೀವ ಬಂದೀರಲ್ರಿ. ಬರಕೊಳ್ರಿ.”

ಅವರು ಜೇಬು ಮುಟ್ಟಿ ನೋಡಿಕೊಂಡರು. ಪೆನ್ನಿತ್ತು, ಕಾಗದ ಇರಲಿಲ್ಲ. ಆಮಂತ್ರಣದ ಚೀಟಿಯ ಹಿಂದೆ ಬರೆದುಕೊಂಡರು. ನಾನು ಹೇಳಿದೆ, ಅವರು ಬರೆದರು. ಟೈಮು ಮೊದಲಿನ ಹಾಗೆ ಬೇಕು. ಹಾಲ್ಟು ತೆಗೆಯಬಾರದು. ಬಂದು ತಲೆ ಎಣಿಸಬೇಕು. ಕೆಳಗೆ ನನ್ನ ಹೆಸರು ಬರೆದೆ. ಹೆಬ್ಬೆಟ್ಟು ಒತ್ತಲಿಲ್ಲ, ಅಕ್ಷರದಲ್ಲೇ ಬರೆದೆ. ಆಮೇಲೆ ಎದ್ದು ಎಲ್ಲರ ಕಪ್ಪು ಎತ್ತಿದೆ. ಕೆಲಸ ನನ್ನದೇ ಅಲ್ಲವೇ.

ಮರುದಿನ ಮೆಷಿನ್ನು ನನ್ನ ಹೆಬ್ಬೆಟ್ಟನ್ನು ಆರು ಸಲ ಒಲ್ಲೆ ಅಂದಿತು. ಗುರುರಾಜ್ ನೆಲ ನೋಡಿಕೊಂಡು ಹೇಳಿದ. “ಅದು ತಗೊಳ್ಳಲ್ಲ ಕಣಮ್ಮ. ಮೇಲಿನವ್ರು ತೆಗೆಸ್ಬಿಟ್ಟಿದ್ದಾರೆ. ಇಲ್ಲಿಗೆ ಬರ್ಬೇಡ ಅಂದಿದ್ದಾರೆ.”

“ಯಾಕಂತ?”

“ಕುರ್ಚಿ ಮೇಲೆ ಕೂತೆ ಅಂತ.”

ನನಗೆ ನಗು ಬಂತು. ಅವನಿಗೂ ಹೇಳುವಾಗಲೇ ನಾಚಿಕೆಯಾಗಿತ್ತು.

ಹಿಂದೆ ಹದಿನೇಳು ಜನ ಗೋಡೆ ಕಡೆ ಹೊರಟಿದ್ದರು. ಚನ್ನಕ್ಕ ನಿಂತಳು. ನಿನ್ನೆಯಿಂದ ನನ್ನ ಕೂಡ ಅವಳು ಸರಿಯಾಗಿ ಮಾತಾಡಿರಲಿಲ್ಲ. ಬೆಳಿಗ್ಗೆ ಗಾಡಿಯಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಈಗ ಗೋಡೆಗೆ ಹೋಗಲಿಲ್ಲ. ಗೇಟಿನ ನಡುವೆ, ಕಾರು ಹೋಗುವ ಜಾಗದಲ್ಲಿ, ಕಾಲು ಮಡಚಿ ಕೂತಳು. ಬುತ್ತಿಯ ಡಬ್ಬಿಯನ್ನು ತೊಡೆ ಮೇಲೆ ಇಟ್ಟುಕೊಂಡಳು. ಇನ್ನೊಬ್ಬಳು ಅವಳ ಪಕ್ಕ ಕೂತಳು. ಮತ್ತೊಬ್ಬಳು ಕೂತಳು. ಮನೆಗೆಲಸದ ವನಜಾ ಹಿಂದಿನಿಂದ ಬಂದವಳು ಏನು ಎತ್ತ ಕೇಳದೆ ಕೂತಳು. ಅವಳ ಹಿಂದೆ ಅಡುಗೆಯವರು ಇಪ್ಪತ್ತು ಜನ.

“ಏನ್ರಮ್ಮ ಇದು, ಸ್ಟ್ರೈಕಾ?” ಗುರುರಾಜ್‌ನ ದನಿ ಒಡೆಯಿತು.

“ಅದೇನೋ ಗೊತ್ತಿಲ್ಲ ಸಾರ್,” ಅಂದಳು ವನಜಾ. “ಮಹಾದೇವಕ್ಕ ಒಳಗೋದ್ರೆ ನಾವೂ ಓಗ್ತೀವಿ.”

ಎಂಟು ಗಂಟೆಯಾಯಿತು. ಒಂಬತ್ತಾಯಿತು. ಹದಿನಾಲ್ಕು ಮಹಡಿಯ ಕಸ ಹದಿನಾಲ್ಕು ಮಹಡಿಯಲ್ಲೇ ಕೂತಿತ್ತು. ಕಾರುಗಳು ಹಿಂದಿನ ಗೇಟಿನಿಂದ ಹೊರಗೆ ಹೋದವು. ಚಡ್ಡಿ ಹಾಕಿಕೊಂಡ ಒಬ್ಬ ಸಾಹೇಬರು ತಮ್ಮ ಮನೆಯ ಕಸ ತಾವೇ ಹಿಡಿದುಕೊಂಡು ಇಳಿದು ಬಂದರು. ಹಸಿರು ಡಬ್ಬಿ, ನೀಲಿ ಡಬ್ಬಿ ಎರಡರ ಮುಂದೆಯೂ ಬಹಳ ಹೊತ್ತು ನಿಂತರು. ಕೊನೆಗೆ ನಮ್ಮನ್ನು ಕೇಳಿದರು, “ಮೊಟ್ಟೆ ಸಿಪ್ಪೆ ಯಾವುದಕ್ಕೆ?”

“ಹಸಿ ಕಸಕ್ಕ ರೀ,” ಅಂದೆವು ಎಲ್ಲರೂ ಒಟ್ಟಿಗೆ. ಅವರು ಥ್ಯಾಂಕ್ಸ್ ಅಂದರು. ಅವರು ಹೋದ ಮೇಲೆ ಬಿದ್ದು ಬಿದ್ದು ನಕ್ಕೆವು.

ಹತ್ತಕ್ಕೆ ಶೈಲಜಾ ಮೇಡಂ ಬಂದರು. ಕಮಿಟಿಯವರನ್ನು ಕೇಳಿಕೊಂಡು ಬಂದಿದ್ದರು. ಫೋಟೋ ನಿಲ್ಲಿಸುತ್ತಾರೆ. ಗಾಡಿ ಟೈಮು ಸರಿಯಾಗುವ ತನಕ ಏಳೂವರೆಗೆ ಬಂದರೂ ಲೇಟು ಹಾಕುವುದಿಲ್ಲ. ತಮ್ಮ ಹಳೇ ಅರ್ಜಿಯನ್ನು ವಾಪಸ್ ತಗೊಳ್ಳುತ್ತೇವೆ ಅಂತ ರೈಲ್ವೆಗೆ ಬರೆಯುತ್ತಾರೆ. ಬರೆದ ಕಾಗದವನ್ನು ಆಮೇಲೆ ನಾನು ನೋಡಿದೆ. ‘ತಪ್ಪಾಯಿತು’ ಅಂತ ಇರಲಿಲ್ಲ. ‘ಮರುಪರಿಶೀಲಿಸಲಾಗಿ’ ಅಂತ ಇತ್ತು. ದೊಡ್ಡವರಿಗೆ ಅದು ತಪ್ಪಾಯಿತು ಅನ್ನುವುದಕ್ಕಿಂತ ಹೇಳಲು ಸುಲಭವೇನೋ.

“ಮಹಾದೇವಿದು?” ಅಂದಳು ಚನ್ನಕ್ಕ. ಅವತ್ತು ಅವಳಾಗಿಯೇ ಆಡಿದ ಮೊದಲ ಮಾತು ಅದು.

ಮೇಡಂ ಗುರುರಾಜ್ ಕಡೆ ನೋಡಿದರು. ಅವನು ಫೋನು ಕಿವಿಗೆ ಇಟ್ಟುಕೊಂಡು ದೂರ ಹೋದ. ವಾಪಸ್ ಬಂದು ಇಲ್ಲ ಅಂತ ತಲೆ ಆಡಿಸಿದ. ಏಜೆನ್ಸಿಯವರು ಒಪ್ಪಲಿಲ್ಲ. ನನ್ನನ್ನು ಒಳಗೆ ಬಿಟ್ಟರೆ ನಾಳೆ ಎಲ್ಲರೂ ಕೂರುತ್ತಾರೆ ಅಂದರಂತೆ.

ಚನ್ನಕ್ಕ ಏಳಲಿಲ್ಲ. ಬೇರೆಯವರೂ ಏಳಲಿಲ್ಲ. ಆದರೆ ಅವರ ಮುಖ ನಾನು ನೋಡಿದೆ. ವನಜಾಳ ಮೊಲೆ ಕುಡಿಯುವ ಕೂಸು ಮಾವಿನಕುಂಟೆಯಲ್ಲಿತ್ತು. ಇನ್ನೊಬ್ಬಳ ಗಂಡ ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದ. ನಾನೇ ಕೈ ಹಿಡಿದು ಒಬ್ಬೊಬ್ಬರನ್ನೇ ಎಬ್ಬಿಸಿದೆ. “ಒಳಗ ನಡೀರಿ. ನನಗ ಬ್ಯಾರೆ ಕಡಿ ಕೆಲಸ ಸಿಗತೈತಿ. ಗಾಡಿ ತಪ್ಪಿದ್ರ ಎಲ್ಲರಿಗೂ ತಪ್ಪತೈತಿ.”

ಎಲ್ಲರೂ ಎದ್ದ ಮೇಲೂ ಚನ್ನಕ್ಕ ಕೂತಿದ್ದಳು. “ನಿನ್ನೆ ನನ್ನ ನಾಲಿಗಿ ಎಲ್ಲಿ ಹೋಗಿತ್ತೋ ಕಾಣೆ,” ಅಂದಳು. “ಬೋಗಿ ತುಂಬ ಹಾರಾಡಿದೆ. ಆ ಪೇಟ ನೋಡಿದ ಕೂಡಲೇ ನೀರಾದೆ. ಟೀ ತಗೋರಿ ಅಂದೆ. ಥೂ.”

“ಟೀ ಚಲೋ ಇತ್ತು ಬಿಡು,” ಅಂದೆ.

ಅವಳು ನನ್ನ ಬೆನ್ನಿಗೆ ಗುದ್ದಿದಳು. ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಒಳಗೆ ಹೋದಳು.

ನನಗೆ ಹದಿನೈದು ದಿನ ಕೆಲಸ ಇರಲಿಲ್ಲ. ಕೊಟ್ರಪ್ಪ ಬಂದವನು ಎಲ್ಲಾ ಕೇಳಿ, “ಕುಂದ್ರಾಕ ನಿನಗ ಬ್ಯಾರೆ ಕುರ್ಚಿ ಸಿಗಲಿಲ್ಲೇನು?” ಅಂದ. ಬೈದನೋ ಹೊಗಳಿದನೋ ತಿಳಿಯಲಿಲ್ಲ. ರಾತ್ರಿ ಅವನೇ ಅನ್ನಕ್ಕಿಟ್ಟ. ಆಮೇಲೆ ದೊಡ್ಡನೆಕ್ಕುಂದಿಯ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿತು. ನೇರಳೆಗೇಟಿನಿಂದ ಮುಂದೆ ಹೋಗಿ ಇಳಿದು, ಬಸ್ಸು ಹಿಡಿಯಬೇಕು. ಗಾಡಿ ಅದೇ.

ಆ ತಿಂಗಳ ಕೊನೆಗೆ ರೈಲ್ವೆಯಿಂದ ಇಬ್ಬರು ಬಂದರು. ಬೆರಳಿನಲ್ಲಿ ಒತ್ತುವ ಎಣಿಕೆಯ ಯಂತ್ರ ಹಿಡಿದು ನೇರಳೆಗೇಟಿನಲ್ಲಿ ನಿಂತರು. ಮೊದಲನೇ ದಿನ ಇನ್ನೂರ ಆರು. ಎರಡನೇ ದಿನ ಇನ್ನೂರ ಮೂವತ್ತು. ಮೂರನೇ ದಿನ ಎಣಿಸುವವನೇ ಹೆಂಗಸರ ನಡುವೆ ಸಿಕ್ಕಿ, ಹಳಿ ದಾಟಿ, ಗೇಟ್ ದಾಟಿ, ಮೇನ್ ರೋಡಿನ ತನಕ ಹೋಗಿಬಿಟ್ಟ. ಚನ್ನಕ್ಕ ಅವನನ್ನು ಕೈ ಹಿಡಿದು ವಾಪಸ್ ತಂದು ಬಿಟ್ಟಳು. “ನಿಮ್ಮನ್ನೂ ಎಣಿಸಿಕೊಂಡ್ರೇನ್ರಿ?” ಅಂತ ಕೇಳಿದಳು.

ಎರಡು ತಿಂಗಳ ಮೇಲೆ ಹೊಸ ವೇಳಾಪಟ್ಟಿ ಬಂತು. ಹಾಲ್ಟು ಉಳಿಯಿತು. ಗಾಡಿ ನೇರಳೆಗೇಟಿಗೆ ಆರೂ ನಲವತ್ತನಾಲ್ಕಕ್ಕೆ. ಮೊದಲಿಗಿಂತ ಆರು ನಿಮಿಷ ತಡ. ಅವರದೂ ಒಂದು ಮರ್ಯಾದೆ ಉಳಿಯಬೇಕಲ್ಲ. ಸ್ವಲ್ಪ ಜೋರಾಗಿ ನಡೆದರೆ ಏಳರೊಳಗೆ ಮುಟ್ಟಬಹುದು. ಸ್ಕೂಲ್ ಬಸ್ಸು ಹತ್ತು ನಿಮಿಷ ಮುಂಚೆ ಹೊರಡುತ್ತದೆಯಂತೆ. ಆ ಮಕ್ಕಳಿಗೆ ಏನೂ ಆಗಿಲ್ಲ.

ಅದಾದ ಮೇಲೆ ನನ್ನ ಹೆಸರಿಗೆ ಒಂದು ಕಾಗದ ಬಂತು. ಪ್ರಯಾಣಿಕರ ಅಹವಾಲು ಸಭೆ. ವೆಂಕಟಪ್ಪ ಸಾಹೇಬರ ಸಹಿ ಇತ್ತು. ಬುಧವಾರ ಹನ್ನೊಂದು ಗಂಟೆಗೆ. ಕ್ಯಾಂಟೀನಿನ ಮ್ಯಾನೇಜರ್ ರಜೆ ಕೊಡಲ್ಲ ಅಂದ. ಕೊಡದಿದ್ದರೂ ಹೋಗುತ್ತೇನೆ ಅಂದೆ. ಅವನು ಕಾಗದವನ್ನು ಎರಡು ಸಲ ಓದಿದ. ಹೋಗಿ ಬಾ ಅಂದ.

ಚನ್ನಕ್ಕನೂ ಬಂದಳು. ಅವಳಿಗೆ ಕಾಗದ ಬಂದಿರಲಿಲ್ಲ. “ಕರೆಯದೇ ಬಂದ್ರ ಹೊರಗ ಹಾಕ್ತಾರೇನು? ಹಾಕ್ಲಿ ಬಿಡು, ಹೊರಗ ನಿಂದ್ರಾಕ ಕಲತ ಬಿಟ್ಟೀನಿ,” ಅಂದಳು. ಗಾಡಿಯಲ್ಲಿ ಹೆಂಗಸರು ಒಬ್ಬೊಬ್ಬರು ಒಂದೊಂದು ಹೇಳಿ ಕಳಿಸಿದ್ದರು. ಹಾಲ್ಟಿಗೆ ನೆರಳಿಲ್ಲ. ನೀರಿಲ್ಲ. ಕಕ್ಕಸಿಗೆ ಬಾಗಿಲೇ ಇಲ್ಲ. ಭಾನುವಾರ ಸಂಜೆ ಗಾಡಿಯೇ ಇಲ್ಲ. ಎಲ್ಲವನ್ನೂ ನಾನು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ.

ದೊಡ್ಡ ಮೇಜು. ಸುತ್ತ ಹನ್ನೆರಡು ಜನ, ಇಬ್ಬರನ್ನು ಬಿಟ್ಟರೆ ಎಲ್ಲಾ ಗಂಡಸರು. ಫ್ಯಾನು ಜೋರಾಗಿತ್ತು. ನಮ್ಮ ಸರದಿ ಬಂತು. ನಾನು ಹಾಳೆ ಬಿಡಿಸಿ ಎದ್ದು ನಿಲ್ಲಲು ಹೋದೆ. ಚನ್ನಕ್ಕ ನನ್ನ ಮೊಣಕೈ ಹಿಡಿದು ಜಗ್ಗಿದಳು.

“ನೀ ಕುಂದ್ರು,” ಅಂದಳು.

ಎದ್ದು ನಿಂತಳು. ಮೇಜು ಗಟ್ಟಿಯಾಗಿ ಹಿಡಿದುಕೊಂಡಳು. ಎರಡು ಸಲ ಬಾಯಿ ತೆರೆದಳು, ಮಾತು ಬರಲಿಲ್ಲ. ವೆಂಕಟಪ್ಪ ಸಾಹೇಬರು ಗೋಡೆಯ ಗಡಿಯಾರ ನೋಡಿದರು. ಅದನ್ನು ಅವಳು ನೋಡಿದಳು.

“ಸಾಹೇಬ್ರ, ಅದನ್ನ ನೋಡಬ್ಯಾಡ್ರಿ. ನನ್ನನ್ನ ನೋಡ್ರಿ. ಕಕ್ಕಸಿನಿಂದ ಶುರು ಮಾಡ್ತೀನಿ.”

ಯಾರೂ ನಗಲಿಲ್ಲ. ಒಬ್ಬರು ಪೆನ್ನು ತೆಗೆದರು. ಆಮೇಲೆ ಅವಳು ನಿಲ್ಲಿಸಿದಾಗ ಹನ್ನೆರಡು ಹೊಡೆದಿತ್ತು. ನನ್ನ ಹಾಳೆಯನ್ನು ಒಂದು ಸಲವೂ ನೋಡಿರಲಿಲ್ಲ.